ಮೊದಲ ಮಳೆಗೆ ಬರುತ್ತಿದ್ದ ಮೇಸ್ತ್ರಿ

ಮೊಮ್ಮಗಳ ಹೊಸ ಮನೆಯ ಒಕ್ಕಲಿಗೆ ಯಗಟಿಯಿಂದ ನನ್ನ ಮೈದುನ ಒಂದು ಚೀಲ ಒಣಗಿದ ಕೊಬ್ಬರಿ ಕಾಯಿ ತಂದು ಹಜಾರದ ಮೂಲೆಯಲ್ಲಿ ಸುರಿದ. ಕೈ ಸುಮ್ಮನಿರಲಿಲ್ಲ, ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಲೊಡಲೊಡ ಎಂದಿತು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು ಎಂದರ್ಥ. ಅಷ್ಟೇ ಆಗಿದ್ದು. ಸುತ್ತ ನೆಂಟರ ಮಾತು, ಒಗ್ಗರಣೆಯ ವಾಸನೆ, ಮಕ್ಕಳ ಗಲಾಟೆ ಎಲ್ಲ ಇತ್ತು… ನನಗೆ ಮಾತ್ರ ಆ ಸದ್ದೊಂದೇ ಕೇಳುತ್ತಿತ್ತು. ನಲವತ್ತು ವರ್ಷಕ್ಕೂ ಹಿಂದೆ ನಮ್ಮ ಜಗಲಿಯ ಮೇಲೆ ಕೂತು, ಇಂಥದ್ದೇ ಒಂದು ಕಾಯಿಯನ್ನು ನನ್ನ ಕೈಗೆ ಕೊಟ್ಟು, "ಅಲ್ಲಾಡಿಸಿ ನೋಡಮ್ಮ" ಎಂದ ಮೇಸ್ತ್ರಿ ಸಾಬರ ಮುಖ ಕಣ್ಣ ಮುಂದೆ ಬಂದು ನಿಂತಿತು.

ಅವರ ಕಥೆ ಹೇಳುವ ಮೊದಲು ನನ್ನ ಸಂತೋಷವನ್ನು ಸ್ವಲ್ಪ ಹೇಳಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಅದು ಮಧ್ಯೆ ಮಧ್ಯೆ ನುಗ್ಗುತ್ತದೆ. ನನ್ನ ಮಗಳ ಮಗಳು ತರೀಕೆರೆಯಲ್ಲಿ ನರ್ಸ್. ಅಲ್ಲೇ ಒಂದು ಮನೆ ಕೊಂಡಳು. ಖಾತೆ ಅವಳ ಹೆಸರಿಗೇ ಆಗಿದೆ. ನಮ್ಮ ವಂಶದಲ್ಲಿ ಹೆಣ್ಣುಮಗಳ ಹೆಸರಿನಲ್ಲಿ ಮನೆ ಎಂದರೆ ಇದೇ ಮೊದಲು. ಆ ಕಾಗದವನ್ನು ನಾನು ನಾಲ್ಕು ಜನರ ಕೈಲಿ ಓದಿಸಿದೆ. ನನಗೆ ಓದು ಬರುವುದಿಲ್ಲ ಅಂತಲ್ಲ, ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ಬೇರೆಯವರ ಬಾಯಲ್ಲಿ ಅವಳ ಹೆಸರು ಕೇಳುವ ಆಸೆ. ನಾಲ್ಕನೆಯ ಸಲಕ್ಕೆ ಅಳಿಯ, "ಅತ್ತೆ, ಇನ್ನೊಂದ್ಸಲ ಓದಿದ್ರೆ ಅಕ್ಷರ ಸವೆದು ಹೋಗ್ತವೆ" ಎಂದ. ಸವೆಯಲಿ ಬಿಡು ಎಂದೆ.

ಇರಲಿ. ಸಾಬರ ವಿಷಯಕ್ಕೆ ಬರುತ್ತೇನೆ.

ಆಗ ನಾವು ಯಗಟಿಯಲ್ಲಿದ್ದೆವು. ನಮ್ಮ ಯಜಮಾನರಿಗೆ ಕಡೂರಿನ ಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸ ಸಿಕ್ಕಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನನಗೆ ಐದು ತಿಂಗಳು ತುಂಬಿತ್ತು. ಮಗು ಕಡೂರಿನ ಸ್ವಂತ ಮನೆಯಲ್ಲೇ ಬೆಳೆಯಲಿ ಎಂದು ನಾವಿಬ್ಬರೂ ಹಟ ಹಿಡಿದು, ಮಾವನವರನ್ನು ಒಪ್ಪಿಸಿ, ಮನೆಯ ಕುರಿ ಹಿಂಡನ್ನು ಪೂರ್ತಿ ಮಾರಿದೆವು. ಮಾರಿದ ದಿನ ಮಾವ ಖಾಲಿಯಾದ ಕುರಿ ರೊಪ್ಪದ ಬಾಗಿಲಲ್ಲಿ ಸುಮ್ಮನೆ ಕೂತಿದ್ದರು. ಕುರಿ ಒಂದೇ ಸಲ ಮಾರಬಹುದು. ಮನೆ ತಪ್ಪಿದರೆ ಮತ್ತೆ ಕುರಿಯೂ ಇಲ್ಲ, ಮನೆಯೂ ಇಲ್ಲ. ಅದು ನಮಗೆ ಗೊತ್ತಿತ್ತು.

ಕಡೂರಿನಲ್ಲಿ ಒಂದು ಮನೆ ನೋಡಿದೆವು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಕೆಂಪು ಗಾರೆ ನೆಲ, ಮುಖ ಕಾಣುವಷ್ಟು ನುಣುಪು. ಅಡುಗೆಮನೆಯಲ್ಲಿ ಸಾಲಾಗಿ ಮೂರು ಗೂಡು. ಎಲ್ಲಕ್ಕಿಂತ ಮಿಗಿಲಾಗಿ ಅಡುಗೆಮನೆಯ ಒಳಗೇ ನಲ್ಲಿ! ಹೊಸದಾಗಿ ಹಾಕಿಸಿದ್ದರು. ಹುಟ್ಟಿದಾಗಿನಿಂದ ಕೊಡ ಹೊತ್ತವಳು ನಾನು. ಆ ನಲ್ಲಿಯನ್ನು ತಿರುಗಿಸಿದೆ, ನಿಲ್ಲಿಸಿದೆ, ಮತ್ತೆ ತಿರುಗಿಸಿದೆ. ಯಜಮಾನರು, "ಸಾಕು ಕಣೇ, ಅವ್ರ ನೀರೆಲ್ಲ ಇಲ್ಲೇ ಖಾಲಿ ಮಾಡ್ತೀಯ" ಎಂದು ನಕ್ಕರು. ಮನೆ ಮಾರುವವರು ಒಳ್ಳೆಯವರೇ. ಅವರ ತಂದೆ ಕಟ್ಟಿಸಿದ ಮನೆಯಂತೆ. "ಬೇಕಾದ್ರೆ ನಮ್ಮ ಕಡೆ ಇಂಜಿನಿಯರ್ ಒಬ್ರನ್ನ ನಾನೇ ಕರೆಸಿ ತೋರಿಸ್ತೀನಿ" ಎಂದರು. ನಾವು ಹೂಂ ಎಂದುಬಿಟ್ಟೆವು.

ಊರಿಗೆ ಬಂದು ಹೇಳಿದಾಗ ಮಾವನವರು ಕಿಡಿಕಿಡಿಯಾದರು. "ಲೇ, ಟಗರು ಮಾರೋನೇ ಬಾಯಿ ತೆಗೆದು ಹಲ್ಲು ನೋಡಿ ಹೇಳ್ತೀನಿ ಅಂದ್ರೆ ಒಪ್ತೀಯೇನೋ? ನಿನ್ನ ಕಡೆಯೋನು ನೋಡ್ಬೇಕು ಕಣೋ!"

ನಮ್ಮ ಕಡೆಯವರು ಎಂದರೆ ಯಾರು? ಮಾವನವರೇ ಎರಡು ದಿನ ಕಡೂರಿನ ಮಂಡಿಯಲ್ಲಿ, ಹೋಟೆಲಿನಲ್ಲಿ ವಿಚಾರಿಸಿದರು. ಎಲ್ಲರೂ ಒಬ್ಬರ ಕಡೆಗೇ ಕೈ ತೋರಿಸಿದರು, ಗಾರೆ ಕೆಲಸದ ಮೇಸ್ತ್ರಿ ಸಾಬರು. ಮನೆ ಕಟ್ಟುವುದನ್ನು ಕಡಿಮೆ ಮಾಡಿ, ಕೊಳ್ಳುವವರಿಗೆ ಮನೆ ನೋಡಿಕೊಡುತ್ತಿದ್ದರಂತೆ. ಮನೆ ನೋಡುವ ದಿನ ಮಾರುವವರಲ್ಲೂ ಕೊಳ್ಳುವವರಲ್ಲೂ ಒಂದು ತೊಟ್ಟು ಟೀ ಕುಡಿಯುವುದಿಲ್ಲವಂತೆ. ಮಾವನವರಿಗೆ ಅಷ್ಟು ಸಾಕಾಯಿತು.

ಸಾಬರು ಸಣಕಲು ಆಳು. ಬೆರಳ ತುದಿಗಳನ್ನು ಸುಣ್ಣ ತಿಂದು ಬೆಳ್ಳಗೆ ಮಾಡಿತ್ತು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಸೈಕಲ್ಲಿನ ಹ್ಯಾಂಡಲಿಗೆ ಒಂದು ಬಟ್ಟೆ ಚೀಲ, ಅದರೊಳಗೆ ಗಾರೆ ಬಳಿಯುವ ಕರಣೆ ಮತ್ತು ತೂಗುಗುಂಡು. ನಾವು ಮುಂದೆ ನಡೆದೆವು, ಅವರು ಸೈಕಲ್ ತಳ್ಳಿಕೊಂಡು ಹಿಂದೆ ಬಂದರು. ಆ ಮನೆಯ ಬೀದಿ ತಿರುಗುವಾಗ ಹಿಂತಿರುಗಿ ನೋಡಿದೆ. ಅವರು ನಿಂತುಬಿಟ್ಟಿದ್ದರು. "ಯಾಕೆ ಸಾಬ್ರೇ?" ಎಂದರು ಯಜಮಾನರು. "ಏನಿಲ್ಲ, ನಡೀರಿ" ಎಂದರು. ನನಗೆ ಬಿಸಿಲಿಗೆ ಸುಸ್ತಾಗಿರಬೇಕು ಅನ್ನಿಸಿತು…

ಒಳಗೆ ಬಂದವರು ಹಜಾರ ನೋಡಲಿಲ್ಲ, ಬಾಗಿಲು ನೋಡಲಿಲ್ಲ, ನೇರ ಅಡುಗೆಮನೆಗೆ ಹೋದರು. ಕುಕ್ಕರಗಾಲಲ್ಲಿ ಕೂತು ಕರಣೆಯ ಮರದ ಹಿಡಿಯಿಂದ ನೆಲವನ್ನು ಮೆಲ್ಲಗೆ ಬಡಿದರು. ಒಂದು ಕಡೆ ಟಣ್ ಟಣ್. ಹಿಂದಿನ ಗೋಡೆಯ ಹತ್ತಿರ ಹೋದಂತೆ ಡಬ್ ಡಬ್. ತಮ್ಮಷ್ಟಕ್ಕೆ ತಾವೇ "ನಕ್ಕೋ… ನಕ್ಕೋ…" ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಬೇಡ ಎಂದರ್ಥ. ಆಮೇಲೆ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ನೆಲದ ಮೇಲೆ ಸುರಿದರು. ನೀರು ಕೆಂಪು ನೆಲದ ಮೇಲೆ ಹಾವಿನ ಹಾಗೆ ಹರಿದು ಹಿಂದಿನ ಗೋಡೆಯ ಮೂಲೆಗೆ ಹೋಯಿತು. ಅಲ್ಲಿ ನಿಲ್ಲಲಿಲ್ಲ. ಎಲ್ಲಿಗೋ ಇಳಿದುಹೋಯಿತು.

ಸಾಬರು ಎದ್ದರು. ಮಾರುವವರು ಟೀ ತಂದು ಹಿಡಿದರೂ ಮುಟ್ಟಲಿಲ್ಲ. ಬೀದಿಗೆ ಬಂದ ಮೇಲೆ ನಮ್ಮವರಿಗೆ ಒಂದೇ ಮಾತು ಹೇಳಿದರು. "ಈ ಮನೆ ಬ್ಯಾಡಿ."

"ಯಾಕೆ?"

"ಸದ್ದು ಸರಿಯಿಲ್ಲ."

ನನಗೆ ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿ ಮಗು, ತಲೆಯೊಳಗೆ ಆ ನಲ್ಲಿ. "ಗೋಡೆ ಏನು ಸಂಗೀತ ಹಾಡ್ಬೇಕಾ? ಬೇರೆ ಯಾರಾದ್ರೂ ಈ ಮನೆ ಹೊಡ್ಕೋಬೇಕು ಅಂತ ನಿಮ್ಗೆ ಹೇಳಿಕೊಟ್ಟು ಕಳ್ಸವ್ರಾ?" ಎಂದುಬಿಟ್ಟೆ. ಯಜಮಾನರು "ಏಯ್" ಎಂದು ಗದರಿದರು. ಸಾಬರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ… ಏನೋ ಹೇಳಲು ಬಾಯಿ ತೆಗೆದು, ಮನೆಯ ಬಾಗಿಲಲ್ಲಿ ನಿಂತಿದ್ದ ಮಾರುವವರನ್ನು ಕಂಡು, ಸೈಕಲ್ ಹತ್ತಿ ಹೋಗಿಬಿಟ್ಟರು. ಕೂಲಿಯನ್ನೂ ಕೇಳಲಿಲ್ಲ. ನಾನು ಬಸ್ಸಿನಲ್ಲಿ ಯಗಟಿಯವರೆಗೂ ಅತ್ತೆ.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಸಾಬರು ನಮ್ಮೂರಿಗೇ ಬಂದರು! ವಿಳಾಸ ಕೇಳಿಕೊಂಡು ಬಂದು ಜಗಲಿಯ ಮೇಲೆ ಕೂತರು. ಮಾವನವರಿದ್ದರು, ಯಜಮಾನರಿದ್ದರು. ನಾನು ಬಾಗಿಲ ಹಿಂದೆ ಮುಖ ಊದಿಸಿಕೊಂಡು ನಿಂತಿದ್ದೆ. ನೀರು ಕೊಟ್ಟರೆ ಬೇಡವೆಂದರು. ಅಲ್ಲಿ ಬಿದ್ದಿದ್ದ ಕೊಬ್ಬರಿ ಕಾಯಿಗಳಲ್ಲಿ ಒಂದನ್ನು ಎತ್ತಿ ನನ್ನ ಕಡೆ ಚಾಚಿದರು.

"ಅಲ್ಲಾಡಿಸಿ ನೋಡಮ್ಮ. ಏನೈತೆ ಒಳಗೆ?"

"ಕೊಬ್ಬರಿ ಆಗೈತೆ, ಚಿಪ್ಪು ಬಿಟ್ಟೈತೆ" ಎಂದೆ ಬಿರುಸಾಗಿ.

"ಒಡೀದೆ ಹೆಂಗೆ ಗೊತ್ತಾಯ್ತು?"

"ಸದ್ದಿಗೆ."

"ಆ ಅಡುಗೆಮನೆ ನೆಲನೂ ಹಂಗೇ ಕಣಮ್ಮ. ಮೇಲೆ ಚಿಪ್ಪು, ಕೆಳಗೆ ಬಿಟ್ಟೈತೆ. ಕೊಬ್ಬರಿಗೆ ಅದು ಒಳ್ಳೇದು. ಮನೆಗಲ್ಲ."

ಆಮೇಲೆ ತಲೆ ತಗ್ಗಿಸಿ, ನೆಲ ನೋಡುತ್ತಾ ಹೇಳಿದರು. ಆ ಹಿಂದಿನ ಗೋಡೆಯ ಕೆಳಗೆ ಹಳೆಯ ಹಗೇವು ಇತ್ತಂತೆ. ಹಿಂದಿನ ಕಾಲದಲ್ಲಿ ರಾಗಿ ತುಂಬಿಡಲು ನೆಲದೊಳಗೆ ಬಾವಿಯಂತೆ ತೋಡುತ್ತಿದ್ದರಲ್ಲ, ಅದು. ಪಾಯ ತೆಗೆಯುವಾಗ ಸಿಕ್ಕಿತು. ಸರಿಯಾಗಿ ಮಾಡಬೇಕೆಂದರೆ ಪೂರ್ತಿ ಬಗೆದು, ತಳದಿಂದ ಕಲ್ಲು ಕಟ್ಟಿಕೊಂಡು ಬರಬೇಕು. ಹದಿನೈದು ದಿನದ ಕೆಲಸ. ಬಾಗಿಲು ನಿಲ್ಲಿಸುವ ಮುಹೂರ್ತಕ್ಕೆ ನಾಲ್ಕೇ ದಿನ ಉಳಿದಿತ್ತು. ಕಟ್ಟಿಸುವವರು, ಮಣ್ಣು ತುಂಬಿ ದಮ್ಮಸ್ಸು ಹೊಡೆದು ಗಟ್ಟಿಮಾಡು, ಯಾರಿಗೆ ಗೊತ್ತಾಗುತ್ತೆ ಎಂದರು. ಮಣ್ಣು ತುಂಬಿದರು. ಮೇಲೆ ಗೋಡೆ ಎದ್ದಿತು.

"ನಿಮಗೆ ಹೆಂಗೆ ಗೊತ್ತು ಇದೆಲ್ಲ?" ಎಂದರು ಮಾವ.

"ತುಂಬಿದ್ದು ನಾನೇ ಯಜಮಾನ್ರೇ. ನಾನು ಮೇಸ್ತ್ರಿ ಅಂತ ಕಟ್ಟಿದ ಮೊದಲ್ನೇ ಮನೆ ಅದು."

ಗೋಡೆ ಮೂವತ್ತು ವರ್ಷ ಹೇಗೋ ನಿಂತಿತ್ತು, ಈಗ ನಲ್ಲಿ ಹಾಕಿಸಿದ ಮೇಲೆ ಚೆಲ್ಲಿದ ನೀರೆಲ್ಲ ಆ ಹಗೇವಿಗೆ ಇಳಿಯುತ್ತಿದೆ, ಮಣ್ಣು ಕುಸಿಯುತ್ತಿದೆ ಎಂದರು. ನಾನು ಮೆಚ್ಚಿ ಮೆಚ್ಚಿ ತಿರುಗಿಸಿದ ಆ ನಲ್ಲಿ…

"ನಿನ್ನೆ ಬೀದೀಲಿ ಹೇಳೋಕೆ ಬಾಯಿ ಬರ್ಲಿಲ್ಲ. ಮನೆ ಕಟ್ಟಿಸಿದವ್ರ ಮಗ ಎದುರಿಗೇ ನಿಂತಿದ್ರು. ಆದ್ರೆ ಈಯಮ್ಮ ಕೇಳಿದ್ಲಲ್ಲ, ಯಾರು ಹೇಳಿಕೊಟ್ಟವ್ರು ಅಂತ… ನಿದ್ದೆ ಬರ್ಲಿಲ್ಲ" ಎಂದರು.

ನಾನು ಬಾಗಿಲಿನಿಂದ ಆಚೆ ಬಂದು, "ತಪ್ಪಾಯ್ತು ಸಾಬ್ರೇ" ಎಂದೆ. ಅವರು ನಕ್ಕು, "ಹೇಳಿದ್ದಾಯ್ತು. ಈಗ ಟೀ ಕೊಡಮ್ಮ. ಸಕ್ಕರೆ ನಾಲ್ಕು ಚಮಚ ಹಾಕು, ಬಾಯಿ ಬಾಳ ಕಹಿ ಆಗೈತೆ" ಎಂದರು. ಮಾವನವರು ಬಿದ್ದು ಬಿದ್ದು ನಕ್ಕರು. "ಹಾಕವ್ವ, ಮಡಕೆ ಸಮೇತ ಸುರಿ!"

ಅಲ್ಲಿಂದ ಹೊರಟವರು ಆ ಮನೆ ಮಾರುವವರ ಹತ್ತಿರವೂ ಹೋಗಿ ಇದನ್ನೇ ಹೇಳಿದರಂತೆ. ಅವರು ಮೊದಲು ರೇಗಿದರು, ಸತ್ತ ತಂದೆಯ ಮೇಲೆ ಮಾತು ಬಂತಲ್ಲ ಎಂದು. ಮೇಸ್ತ್ರಿ ಸುಮ್ಮನೆ ಒಂದು ಲೋಟ ನೀರು ಸುರಿದು ತೋರಿಸಿದರಂತೆ. ಆ ಬೇಸಿಗೆಯಲ್ಲಿ ಸಾಬರೇ ನೆಲ ಬಗೆದು, ಹಗೇವಿನ ತಳ ಮುಟ್ಟಿ, ಕಲ್ಲು ಕಟ್ಟಿ, ಹಿಂದಿನ ಗೋಡೆಯನ್ನು ಹೊಸದಾಗಿ ಎಬ್ಬಿಸಿದರು. ತಮ್ಮ ಕೆಲಸಕ್ಕೆ ಕೂಲಿ ಮುಟ್ಟಲಿಲ್ಲ. ಆ ಮನೆ ಈಗಲೂ ನಿಂತಿದೆ. ಬೇರೆ ಯಾರೋ ಕೊಂಡು ಮೇಲೆ ಮಹಡಿಯನ್ನೂ ಕಟ್ಟಿದ್ದಾರೆ.

ಆ ರಿಪೇರಿ ಮುಗಿಯುವಷ್ಟರೊಳಗೆ ನಾವು ಇನ್ನೊಂದು ಮನೆಗೆ ಮಾತು ಕೊಟ್ಟಾಗಿತ್ತು. ಸಾಬರೇ ಹುಡುಕಿದ್ದು. ಗಿಡ್ಡ ಮನೆ, ಒರಟು ನೆಲ, ಗೂಡಿಲ್ಲ, ನೀರಿಗೆ ಬೀದಿಯ ನಲ್ಲಿಗೇ ಹೋಗಬೇಕು. "ನೋಡೋಕೆ ಚೆನ್ನಾಗಿಲ್ಲ ಕಣಮ್ಮ, ಆದ್ರೆ ಬಂಡೆ ಮೇಲೆ ಕೂತೈತೆ" ಎಂದರು. ಕೊಡ ಹೊತ್ತುಕೊಂಡು ಬರುವಾಗಲೆಲ್ಲ ನಾನು ಸಾಬರನ್ನು ಬೈದಿದ್ದೇನೆ. ಆ ಮನೆಯಲ್ಲೇ ನನ್ನ ಮಗಳು ತೊಟ್ಟಿಲು ಬಿಟ್ಟು ತೆವಳಿದ್ದು, ಓದಿದ್ದು, ಮದುವೆಯಾಗಿ ಹೋಗಿದ್ದು. ಗೋಡೆಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಕಾಣಲಿಲ್ಲ.

ಆ ಮನೆಗೆ ಹೋದ ವರ್ಷ, ಮೊದಲ ಮಳೆ ಬಿದ್ದ ಮಾರನೆಯ ದಿನ ಬೆಳಿಗ್ಗೆ ಸೈಕಲ್ ಬೆಲ್ಲು ಕೇಳಿಸಿತು. ಸಾಬರು! ಕರೆಯದೆ ಬಂದಿದ್ದರು. ನೇರ ಒಳಗೆ ಬಂದು ಗೋಡೆಗಳನ್ನು ಒಂದೊಂದಾಗಿ ಬಡಿದು, ಮೂಲೆಗೆ ಕೈಯಿಟ್ಟು ತೇವ ನೋಡಿ, ಆಮೇಲೆ ಕೂತರು. "ಮಳೆಗೆ ಮುಂಚೆ ಎಲ್ಲ ಮನೆನೂ ಒಳ್ಳೇ ಮನೇನೇ. ನಾನು ಹೂಂ ಅಂದ ಮನೆ, ನಾನೇ ನೋಡ್ಕೋಬೇಕಲ್ಲ" ಎಂದರು. ನಾಲ್ಕು ಚಮಚ ಸಕ್ಕರೆಯ ಟೀ ಕುಡಿದರು. ಎರಡು ತೆಂಗಿನಕಾಯಿ ಕೊಟ್ಟರೆ ತೆಗೆದುಕೊಂಡು ಹೋದರು.

ಮುಂದಿನ ವರ್ಷವೂ ಬಂದರು. ಅದರ ಮುಂದಿನ ವರ್ಷವೂ. ಮೊದಲ ಮಳೆ ಬಂದ ಸಂಜೆಯೇ ನಾನು ಸಕ್ಕರೆ ಡಬ್ಬಿ ನೋಡಿಕೊಳ್ಳುತ್ತಿದ್ದೆ, ಇದೆಯೋ ಇಲ್ಲವೋ ಎಂದು. ಯಜಮಾನರು, "ನಿಮ್ಮಣ್ಣ ಬತ್ತಾರೆ ನಾಳೆ" ಎಂದು ರೇಗಿಸುತ್ತಿದ್ದರು. ನಿಜವಾಗಿ ಹಾಗೇ ಆಗಿಬಿಟ್ಟಿದ್ದರು. ಮಗಳು ನಡೆಯಲು ಕಲಿತಾಗ ಅವರ ಹಿಂದೆ ಹಿಂದೆ ಹೋಗಿ ತಾನೂ ಒಂದು ಚಮಚದಲ್ಲಿ ಗೋಡೆ ಬಡಿಯುತ್ತಿದ್ದಳು. "ಏನಂತೈತೆ ಬೇಟಿ?" ಎಂದು ಕೇಳುತ್ತಿದ್ದರು. ಅವಳು ಕಿವಿಯಿಟ್ಟು ಕೇಳಿ, "ಟೀ ಬೇಕಂತೆ" ಎನ್ನುತ್ತಿದ್ದಳು. ಕಡೆಕಡೆಗೆ ಅವರಿಗೆ ಕಣ್ಣು ಮಂಜಾಯಿತು. ಸೈಕಲ್ ಬಿಟ್ಟು ನಡೆದೇ ಬರುತ್ತಿದ್ದರು. "ಕಣ್ಣು ಯಾಕಮ್ಮ, ಕಿವಿ ಐತಲ್ಲ" ಎನ್ನುತ್ತಿದ್ದರು.

ಒಂದು ವರ್ಷ ಬರಲಿಲ್ಲ.

ಮಳೆ ಬಂದು ಒಂದು ದಿನ ಕಾದೆ. ಎರಡು ದಿನ ಕಾದೆ. ಮೂರನೆಯ ದಿನ ಎರಡು ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಆಗಲೇ ನಾಲ್ಕೈದು ಜನ ನಿಂತಿದ್ದರು. ಒಬ್ಬರು ಚೌಳಹಿರಿಯೂರಿನಿಂದ ಬಂದಿದ್ದರು. ಇನ್ನಿಬ್ಬರು ಗಂಡ ಹೆಂಡತಿ, ಕಡೂರಿನವರೇ. ಒಬ್ಬರಿಗೊಬ್ಬರ ಗುರುತಿಲ್ಲ. ಸಾಬರ ಹೆಂಡತಿ ಹೊಸ್ತಿಲಲ್ಲಿ ಕೂತಿದ್ದರು. ಸಾಬರು ಬೇಸಿಗೆಯಲ್ಲೇ ಹೋಗಿಬಿಟ್ಟಿದ್ದರು…

ಆಕೆ ಕನ್ನಡ ತಡವರಿಸುತ್ತಾ ಹೇಳಿದರು. "ಎಷ್ಟು ಮನೆಗೆ ಅಂತ ಹೇಳಿ ಕಳಿಸೋದಮ್ಮ, ನಂಗೆ ಯಾವ್ಯಾವ ಮನೆ ಅಂತ ಗೊತ್ತಿಲ್ಲ. ಮಳೆ ಬಂದ ಮೇಲೆ ಒಬ್ಬೊಬ್ರೇ ಬರ್ತಾವ್ರೆ. ಯಾಕೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ. ನಿನ್ನೆಯಿಂದ ಇದೇ…" ನಾವು ನಿಂತಿರುವಾಗಲೇ ಬೀದಿಯ ತಿರುವಿನಲ್ಲಿ ಇನ್ನೊಬ್ಬರು ಸೈಕಲ್ಲಿನಿಂದ ಇಳಿದರು. ಅವರು ಏನು ಕೇಳಲು ಬಂದಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಕಾಯಿಗಳನ್ನು ಹೊಸ್ತಿಲ ಪಕ್ಕ ಇಟ್ಟೆ. ಅಲ್ಲಿ ಆಗಲೇ ತುಂಬಾ ಕಾಯಿಗಳಿದ್ದವು.

ಹೋದ ವರ್ಷ ಮೊಮ್ಮಗಳು ಮನೆ ಕೊಳ್ಳುತ್ತೇನೆ ಎಂದಾಗ ನನಗೆ ಮೊದಲು ಬಂದ ಭಯ ಅದೇ. ಸಾಬರಿಲ್ಲ, ನೋಡುವವರು ಯಾರು? ಅವಳು ಆಸ್ಪತ್ರೆಯಲ್ಲಿ ರಾತ್ರಿ ಹಗಲು ದುಡಿದು ಕೂಡಿಸಿದ್ದು, ಬ್ಯಾಂಕಿನ ಸಾಲ ಬೇರೆ. ದಲ್ಲಾಳಿಯೇ ಒಬ್ಬ ಇಂಜಿನಿಯರನ್ನು ಕರೆತಂದ. ಕೆಂಪು ಬೆಳಕು ಬಿಡುವ ಮೆಷಿನ್ನಿತ್ತು, ಮಾತೂ ಚೆನ್ನಾಗಿತ್ತು. ಮಾರುವವರು ಕೊಟ್ಟ ಕಾಫಿ ಕುಡಿದು, "ಫಸ್ಟ್ ಕ್ಲಾಸ್ ಬಿಲ್ಡಿಂಗ್, ಕಣ್ಮುಚ್ಚಿ ತಗೊಳ್ಳಿ" ಎಂದ.

ನಾನು ಮೂಲೆಯಲ್ಲಿ ಕೂತಿದ್ದವಳು ಕೇಳಿಬಿಟ್ಟೆ. "ಅಲ್ಲಪ್ಪಾ, ನೀನು ನೋಡಿ ತಪ್ಪು ಹೇಳಿದ ಮನೆ ಯಾವ್ದಾದ್ರೂ ಐತಾ?"

ಮೊಮ್ಮಗಳು ನನ್ನ ತೊಡೆ ಚಿವುಟಿದಳು. ಅವನು ನಕ್ಕ. "ಅಜ್ಜಿ, ಇಪ್ಪತ್ತು ವರ್ಷದ ಸರ್ವಿಸ್ಸು. ಒಂದೂ ಇಲ್ಲ."

ಅವನು ಹೋದ ಮೇಲೆ ಮೊಮ್ಮಗಳು ಸಿಡುಕಿದಳು. "ಹಂಗೆಲ್ಲ ಕೇಳ್ತಾರಾ ಯಾರಾದ್ರೂ? ಮಾನ ಹೋಯ್ತು." ಆಗ ಅವಳನ್ನು ಕೂರಿಸಿಕೊಂಡು ಸಾಬರ ಕಥೆಯನ್ನು ಪೂರ್ತಿ ಹೇಳಿದೆ. ಅವಳ ತಾಯಿ ಚಮಚದಲ್ಲಿ ಗೋಡೆ ಬಡಿದದ್ದನ್ನೂ ಹೇಳಿದೆ. ಮಾರನೆಯ ದಿನ ಅವಳೇ ನಾಲ್ಕು ಕಡೆ ವಿಚಾರಿಸಿ ಅಜ್ಜಂಪುರದ ಒಬ್ಬಳು ಇಂಜಿನಿಯರ್ ಹುಡುಗಿಯನ್ನು ಗೊತ್ತುಮಾಡಿದಳು. ಸ್ಕೂಟರಿನಲ್ಲಿ ಬಂದಳು. ನನ್ನ ಮೊಮ್ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ. ಈ ಸಲ ನಾನು ಬಾಯಿ ಬಿಡಲಿಲ್ಲ. ಮೊಮ್ಮಗಳೇ ಕೇಳಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ನೋಡಿದ್ದು ತಪ್ಪಾಗಿರೋ ಮನೆ ಇದ್ಯಾ?"

ಹುಡುಗಿಯ ಮುಖ ಕೆಂಪಾಯಿತು. ತಲೆ ತಗ್ಗಿಸಿದಳು. ಅಂದು ನಮ್ಮ ಜಗಲಿಯ ಮೇಲೆ ಸಾಬರು ತಗ್ಗಿಸಿದ ಹಾಗೆಯೇ…

"ಇದೆ. ಅಜ್ಜಂಪುರದಲ್ಲೇ" ಎಂದಳು. "ಎರೆ ಮಣ್ಣಿನ ಜಾಗ. ನಾನು ನೋಡಿದ್ದು ಮಳೆಗಾಲದಲ್ಲಿ. ಮಣ್ಣು ಉಬ್ಬಿ ಬಿರುಕೆಲ್ಲ ಕೂಡ್ಕೊಂಡಿತ್ತು, ಮೇಲೆ ಹೊಸ ಪೇಂಟು. ಚೆನ್ನಾಗಿದೆ ಅಂದ್ಬಿಟ್ಟೆ. ಬೇಸಿಗೇಲಿ ಬೆರಳು ಹೋಗೋಷ್ಟು ಬಾಯಿ ಬಿಡ್ತು. ಅವರು ಬೈಲಿಲ್ಲ, ಅದೇ ಕಷ್ಟ. ರಿಪೇರಿಗೆ ನಾನೇ ನಿಂತು ಮಾಡಿಸ್ದೆ. ಈಗ್ಲೂ ಬೇಸಿಗೆಗೆ ಒಂದ್ಸಲ, ಮಳೆಗೆ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ."

ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. "ಇವ್ಳೇ ಕಣೇ" ಎಂದೆ, ಮೆಲ್ಲಗೆ ಹೇಳಿದೆ ಅಂದುಕೊಂಡರೂ ಎಲ್ಲರಿಗೂ ಕೇಳಿಸಿತು. ಆ ಹುಡುಗಿ ಒಂದು ಹೊತ್ತು ಪೂರ್ತಿ ಮನೆ ಸುತ್ತಿದಳು. ಮಾಳಿಗೆಯ ಮೇಲೆ ನೀರು ಹರಿಯುವ ಇಳಿಜಾರು ತಪ್ಪಿದೆ, ಬಚ್ಚಲಿನ ಪೈಪು ಗೋಡೆಯೊಳಗೆ ಸೋರುತ್ತಿದೆ ಎಂದು ಬರೆದುಕೊಟ್ಟಳು. ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದವನಿಗೆ ಕಾಣದ್ದು! ಮಾರುವವರು ಎರಡನ್ನೂ ಸರಿಮಾಡಿಸಿಕೊಟ್ಟ ಮೇಲೆ ಅವಳು ಮತ್ತೆ ಬಂದು ನೋಡಿ ಹೂಂ ಎಂದಳು. ಆಮೇಲೆಯೇ ರಿಜಿಸ್ಟ್ರಿ, ಖಾತೆ, ಒಕ್ಕಲು, ಆ ಕೊಬ್ಬರಿ ಚೀಲ ಎಲ್ಲ.

ಮೊನ್ನೆ ತರೀಕೆರೆಯಲ್ಲಿ ಈ ವರ್ಷದ ಮೊದಲ ಮಳೆ ಬಂತು. ನಾನು ಮೊಮ್ಮಗಳ ಮನೆಯಲ್ಲೇ ಇದ್ದೆ. ಅವಳು ಮಾಳಿಗೆ ಹತ್ತಿ, ಛತ್ರಿ ಹಿಡಿದು, ನೀರು ಸರಿಯಾದ ಕಡೆಗೆ ಹರಿಯುವುದನ್ನು ನೋಡಿ ಮಗುವಿನ ಹಾಗೆ ಕೂಗಿಕೊಂಡು ಕೆಳಗೆ ಬಂದಳು. ಮಾರನೆಯ ದಿನ ಬೆಳಿಗ್ಗೆ ನಾನು ಯಾಕೋ ಬಾಗಿಲಲ್ಲೇ ನಿಂತಿದ್ದೆ. ಕಡೂರಿನಲ್ಲಿ ಎಷ್ಟೋ ವರ್ಷ ನಿಂತಂತೆ. ಯಾರೂ ಬರುವವರಿಲ್ಲ ಎಂದು ಗೊತ್ತಿದ್ದೇ ನಿಂತಿದ್ದೆ.

ಸ್ಕೂಟರ್ ಬಂದು ನಿಂತಿತು.

"ಮಳೆ ಬಂತಲ್ಲ ಅಜ್ಜಿ, ಬಚ್ಚಲ ಗೋಡೆ ಒಂಚೂರು ನೋಡ್ಕೊಂಡು ಹೋಗೋಣ ಅಂತ" ಎಂದಳು ಆ ಹುಡುಗಿ, ಹೆಲ್ಮೆಟ್ ತೆಗೆಯುತ್ತಾ. ಅವಳು ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟು, ಬೆರಳ ಗೆಣ್ಣಿನಿಂದ ಟಕ ಟಕ ಬಡಿದಳು. ನಾನು ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳುತ್ತಾ ಟೀ ಕಾಯಿಸಿದೆ. ಗಟ್ಟಿಯಾದ ಸದ್ದು. ಅಷ್ಟು ದೂರಕ್ಕೂ ಗೊತ್ತಾಯಿತು.

ಕೆಲಸ ಮುಗಿಸಿ ಬಂದು ಕೂತು, ಲೋಟ ಎತ್ತಿ ಒಂದು ಗುಟುಕು ಕುಡಿದಳು. ಮುಖ ಕಿವಿಚಿದಳು.

"ಅಯ್ಯೋ ಅಜ್ಜಿ, ಎಷ್ಟು ಸಕ್ಕರೆ ಹಾಕಿದ್ದೀರ?"

ನೋಡಿದರೆ ಚಮಚ ಇನ್ನೂ ನನ್ನ ಕೈಯಲ್ಲೇ ಇತ್ತು. ನಾಲ್ಕು ಹಾಕಿದ್ದೆ.

"ಕೊಡವ್ವ, ಬೇರೆ ಮಾಡ್ಕೊಡ್ತೀನಿ" ಎಂದು ಆ ಲೋಟ ತೆಗೆದುಕೊಂಡೆ. ಚೆಲ್ಲಲು ಮನಸ್ಸು ಬರಲಿಲ್ಲ… ಬಾಗಿಲ ಹತ್ತಿರ ಕೂತು, ಒದ್ದೆ ಬೀದಿ ನೋಡುತ್ತಾ, ನಾನೇ ಕುಡಿದೆ.